ತುಂಬಿದ ಬಾಟಲಿ ತುಂಬಿದಂಗೇ ವಾಪಸ್ ಬರುತ್ತೆ

ಬೆಳಗ್ಗೆ ಏಳು ಗಂಟೆಗೆ ನಮ್ಮೂರ ಅರಳಿಕಟ್ಟೆ ಹತ್ತಿರ ಗಾರ್ಮೆಂಟ್ಸ್ ವ್ಯಾನ್ ಬಂದು ನಿಲ್ಲುತ್ತದೆ. ಮಂಡ್ಯ, ಮದ್ದೂರು, ರಾಮನಗರ, ಹಾಸನದ ಕಡೆ ಓದುತ್ತಿರುವ ನಿಮಗೆ ಈ ವ್ಯಾನ್ ಗೊತ್ತು. ಹದಿನಾಲ್ಕು ಜನ ಕೂರುವ ಜಾಗದಲ್ಲಿ ಇಪ್ಪತ್ತು ಜನ. ಎಲ್ಲರ ಮಡಿಲಲ್ಲೂ ಒಂದು ಬ್ಯಾಗ್, ಬ್ಯಾಗಿನಲ್ಲಿ ಊಟದ ಡಬ್ಬಿ, ಪಕ್ಕದಲ್ಲಿ ಒಂದು ಲೀಟರ್ ನೀರಿನ ಬಾಟಲಿ. ಸಂಜೆ ಆರೂಮುಕ್ಕಾಲಿಗೆ ಅದೇ ವ್ಯಾನ್ ಅವರನ್ನು ಅದೇ ಕಟ್ಟೆ ಹತ್ತಿರ ಇಳಿಸಿ ಹೋಗುತ್ತದೆ.

ಡಬ್ಬಿ ಖಾಲಿಯಾಗಿ ಬರುತ್ತದೆ. ಬಾಟಲಿ ಮಾತ್ರ ಖಾಲಿಯಾಗಿರುವುದಿಲ್ಲ. ಪಕ್ಕದ ಮನೆ ಅಕ್ಕನ ಬಾಟಲಿ ನೋಡಿ ಒಂದು ದಿನ ಕೇಳಿದೆವು.

“ಯಾಕಕ್ಕ, ನೀರೇ ಕುಡಿದಿಲ್ವಲ್ಲ?”

“ಕುಡುದ್ರೆ ಏಳ್ಬೇಕಾಯ್ತದಲ್ಲಪ್ಪ. ಎದ್ರೆ ಪೀಸ್ ನಿಂತೋಯ್ತವೆ. ಪೀಸ್ ನಿಂತ್ರೆ ಆ ಸೂಪರ್‌ವೈಸರ್ ಬಾಯಿಗೆ ಬಂದಂಗೆ ಬೈತಾನೆ. ಅದ್ಕಿಂತ ಬಾಯಾರ್ಕೊಂಡಿರೋದೇ ವಾಸಿ.”

ನಮ್ಮ ಬಳಗದಲ್ಲಿ ಇಬ್ಬರ ಅಮ್ಮಂದಿರು ಗಾರ್ಮೆಂಟ್ಸ್‌ಗೆ ಹೋಗಿ ನಮ್ಮ ಕಾಲೇಜು ಫೀಸು ಕಟ್ಟಿದವರು. ಅವರನ್ನೂ ಕೇಳಿದೆವು. ಇಬ್ಬರೂ ನಕ್ಕರು. ಇದೇನು ಹೊಸ ವಿಷಯವಾ ಅನ್ನುವ ಹಾಗೆ. ಒಬ್ಬರ ಅಮ್ಮ ಬೆಳಗ್ಗೆ ಕಾಫಿ ಕುಡಿಯುವುದನ್ನೇ ಬಿಟ್ಟಿದ್ದರಂತೆ, ಹನ್ನೊಂದು ಗಂಟೆಗೆ ಒತ್ತಡ ಬರುತ್ತದೆ ಎಂದು. ಮನೆಯಲ್ಲಿದ್ದ ನಮಗೆ ಅದು ಗೊತ್ತೇ ಇರಲಿಲ್ಲ. ಅವರಿಗೆ ಕಾಫಿ ಸೇರುವುದಿಲ್ಲ ಅಂದುಕೊಂಡಿದ್ದೆವು.

ಕೆಲಸದ ಜಾಗದಲ್ಲಿ ಆರೋಗ್ಯ, ನೆಮ್ಮದಿ, ಹುಮ್ಮಸ್ಸು ಅಂತ ಈಗ ಎಲ್ಲ ಕಂಪನಿಗಳೂ ಮಾತಾಡುತ್ತವೆ. ಯೋಗ ದಿನ ಮಾಡುತ್ತಾರೆ, ಮಹಿಳಾ ದಿನಕ್ಕೆ ಸ್ವೀಟ್ ಬಾಕ್ಸ್ ಕೊಡುತ್ತಾರೆ, ರಂಗೋಲಿ ಸ್ಪರ್ಧೆ ಇಡುತ್ತಾರೆ. ಅದನ್ನೆಲ್ಲ ಬೇಡ ಅನ್ನುವುದಿಲ್ಲ. ಒಂದು ವರ್ಷ ನಾವೇ ಒಂದು ಫ್ಯಾಕ್ಟರಿಯ ಯೋಗ ದಿನದ ಫೋಟೋ ಹಾಕಿ ಒಳ್ಳೇ ಸುದ್ದಿ ಬರೆದಿದ್ದೆವು. ಕೈ ಮೇಲೆತ್ತಿ ನಿಂತಿದ್ದ ಆ ನೂರಾರು ಹೆಂಗಸರಲ್ಲಿ ಎಷ್ಟು ಜನ ಅವತ್ತು ನೀರು ಕುಡಿದಿದ್ದರು ಎಂದು ಕೇಳುವ ಬುದ್ಧಿ ಆಗ ಬರಲಿಲ್ಲ. ಕಾರ್ಮಿಕರ ಆರೋಗ್ಯ ನೋಡಿಕೊಳ್ಳುತ್ತೇವೆ ಎಂದು ಯಾವ ಕಂಪನಿ ಹೇಳಿದರೂ ನಾವು ಈಗ ನೋಡುವುದು ಸಂಜೆ ವ್ಯಾನಿನಲ್ಲಿ ಬರುವ ಬಾಟಲಿಯನ್ನೇ.

ಗಾರ್ಮೆಂಟ್ಸ್ ಒಳಗೆ ಹೋಗದವರಿಗಾಗಿ ಲೈನ್ ಅಂದರೇನು ಅಂತ ಹೇಳಿಬಿಡೋಣ. ಒಂದು ಶರ್ಟನ್ನು ಒಬ್ಬರೇ ಹೊಲಿಯುವುದಿಲ್ಲ. ಒಬ್ಬರು ಕಾಲರ್, ಇನ್ನೊಬ್ಬರು ಕಫ್, ಮತ್ತೊಬ್ಬರು ಜೇಬು, ಹೀಗೆ ಮೂವತ್ತು ನಲವತ್ತು ಮಷೀನ್ ಸಾಲಾಗಿ. ಹಿಂದಿನವರು ಹೊಲಿದ ಪೀಸ್ ನಿಮ್ಮ ಮುಂದೆ ಬಂದು ಬೀಳುತ್ತದೆ, ನೀವು ಮುಗಿಸಿ ಮುಂದಕ್ಕೆ ತಳ್ಳಬೇಕು. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಗಂಟೆಗೊಮ್ಮೆ ಲೆಕ್ಕ ಬರೆದುಕೊಳ್ಳುವವರು ಬಂದು ಬೋರ್ಡಿನಲ್ಲಿ ಹಾಕುತ್ತಾರೆ. ನೀವು ಐದು ನಿಮಿಷ ಎದ್ದರೆ ನಿಮ್ಮ ಮಷೀನ್ ಮುಂದೆ ಬಟ್ಟೆ ಗುಡ್ಡೆ ಬೀಳುತ್ತದೆ, ನಿಮ್ಮ ಮುಂದಿನವರು ಕೈಕಟ್ಟಿ ಕೂರುತ್ತಾರೆ. ಬೈಗುಳ ಬೀಳುವುದು ಅದಕ್ಕೆ. ಸೂಪರ್‌ವೈಸರ್ ಕೆಟ್ಟವನು ಅಂತಲೇ ಅಲ್ಲ, ಅವನಿಗೆ ಮೇಲಿನಿಂದ ಬೈಗುಳ ಬಂದಿರುತ್ತದೆ. ಮೇಲಿನವರಿಗೆ ಹಡಗು ಹೊರಡುವ ತಾರೀಖಿನ ಚಿಂತೆ. ಹೀಗೆ ಹೊರದೇಶದ ಅಂಗಡಿಯ ಆತುರವೆಲ್ಲ ಇಳಿದು ಇಳಿದು ನಮ್ಮೂರ ಹೆಂಗಸಿನ ಮೂತ್ರಕೋಶದ ಮೇಲೆ ಬಂದು ಕೂರುತ್ತದೆ.

ದಿನವಿಡೀ ನೀರು ಕುಡಿಯದೆ, ಬಂದದ್ದನ್ನು ಕಟ್ಟಿಕೊಂಡು ಕೂತರೆ ಏನಾಗುತ್ತದೆ ಎಂದು ಯಾವ ಆಶಾ ಕಾರ್ಯಕರ್ತೆಯನ್ನು ಕೇಳಿದರೂ ಹೇಳುತ್ತಾರೆ. ಉರಿಮೂತ್ರ, ಸೋಂಕು, ಜ್ವರ, ಕೆಲವರಿಗೆ ಕಲ್ಲು. ಬಸುರಿಗೆ ಈ ಸೋಂಕು ಬಂದರೆ ಸಣ್ಣ ವಿಷಯವಲ್ಲ, ದಿನ ತುಂಬುವ ಮುಂಚೆ ಹೆರಿಗೆ ಆಗುವ ಅಪಾಯ ಇರುತ್ತದೆ. ಮುಟ್ಟಿನ ದಿನಗಳಲ್ಲಿ ಬಟ್ಟೆ ಬದಲಿಸಲು ಏಳಲಾಗದಿದ್ದರೆ ಇನ್ನೊಂದು ತೊಂದರೆ. ಇದರ ಜೊತೆಗೆ ರಕ್ತಹೀನತೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತ ಕಡಿಮೆ. ನಾಲ್ಕೂವರೆಗೆ ಎದ್ದು ಎಲ್ಲರಿಗೂ ಅಡುಗೆ ಮಾಡಿ, ತಾನು ತಿನ್ನದೆ ವ್ಯಾನ್ ಹತ್ತುವವರ ರಕ್ತ ಹೆಚ್ಚಾಗುವುದಾದರೂ ಹೇಗೆ? ಈ ತಪ್ಪಿನಲ್ಲಿ ಫ್ಯಾಕ್ಟರಿಯಷ್ಟೇ ಪಾಲು ಮನೆಯಲ್ಲಿ ಮಲಗಿರುವ ನಮ್ಮದೂ ಇದೆ.

ಹಾಗಂತ ನಾವು ಗಾರ್ಮೆಂಟ್ಸ್ ಮುಚ್ಚಿ ಅನ್ನುವವರಲ್ಲ. ಸಂಘದ ಕಂತು, ಮಕ್ಕಳ ಸ್ಕೂಲು, ಮನೆಗೆ ಹಾಕಿದ ಶೀಟು, ಎಷ್ಟೋ ಮನೆಗಳಲ್ಲಿ ಇದೆಲ್ಲ ಈ ವ್ಯಾನಿನಿಂದ ಬಂದದ್ದು. ಕಬ್ಬಿನ ದುಡ್ಡು ಬರುವುದು ತಡವಾದ ವರ್ಷ ಒಲೆ ಉರಿದದ್ದು ಈ ಸಂಬಳದಿಂದ. ಅದಕ್ಕೇ ಈ ಕೆಲಸ ಮಾಡುವವರ ಮೈ ಉಳಿಯಬೇಕು ಎನ್ನುತ್ತಿದ್ದೇವೆ.

ಮ್ಯಾನೇಜ್‌ಮೆಂಟಿನವರು ಹೇಳುವ ಉತ್ತರ ನಮಗೆ ಗೊತ್ತು. “ಎಲ್ಲರೂ ಎದ್ದು ಹೋಗ್ತಾ ಇದ್ರೆ ಲೈನ್ ನಡೆಯೋದು ಹೇಗೆ?” ಸರಿ, ಲೆಕ್ಕವನ್ನೇ ಹಾಕೋಣ. ಲೈನಿನಲ್ಲಿ ಮೂವತ್ತು ಜನ ಅಂದುಕೊಳ್ಳಿ. ಊಟದ ಬಿಡುವು ಬಿಟ್ಟು ಒಬ್ಬೊಬ್ಬರು ದಿನಕ್ಕೆ ಎರಡು ಸಲ ಏಳಲಿ, ಸಲಕ್ಕೆ ಆರು ನಿಮಿಷ. ಒಬ್ಬರಿಗೆ 12 ನಿಮಿಷ, ಮೂವತ್ತು ಜನಕ್ಕೆ 360 ನಿಮಿಷ, ಅಂದರೆ ಆರು ಗಂಟೆ. ಒಬ್ಬ ಟೈಲರ್‌ನ ಎಂಟು ಗಂಟೆಯ ಡ್ಯೂಟಿಗಿಂತ ಕಡಿಮೆ! ಎಲ್ಲ ಮಷೀನೂ ಬಲ್ಲ ಒಬ್ಬರನ್ನು ಹೆಚ್ಚುವರಿಯಾಗಿ ಇಟ್ಟು, ಯಾರು ಎದ್ದರೂ ಅವರ ಜಾಗದಲ್ಲಿ ಕೂರಿಸಿದರೆ ಒಂದು ಪೀಸೂ ನಿಲ್ಲುವುದಿಲ್ಲ. ಯಾರಾದರೂ ರಜೆ ಹಾಕಿದಾಗ ಫ್ಯಾಕ್ಟರಿಗಳು ಹೀಗೆ ಬದಲಿ ಕೂರಿಸುವುದುಂಟು. ಅಂಥವರನ್ನೇ ನೀರಿಗೂ ಶೌಚಕ್ಕೂ ಕೂರಿಸಿ ಎಂದು ನಾವು ಕೇಳುತ್ತಿರುವುದು. ಮೂವತ್ತು ಸಂಬಳದ ಜೊತೆ ಇನ್ನೊಂದು ಸಂಬಳ, ಅಷ್ಟೇ ಖರ್ಚು. ಸೋಂಕಾಗಿ ವಾರಗಟ್ಟಲೆ ಬಾರದವರು, ಸಾಕಾಗಿ ಕೆಲಸವನ್ನೇ ಬಿಟ್ಟು ಹೋದವರು, ಅವರ ಬದಲಿಗೆ ಬಂದ ಹೊಸಬರಿಗೆ ಕಲಿಸುವ ದಿನಗಳು, ಇವನ್ನೆಲ್ಲ ಕೂಡಿ ನೋಡಿದರೆ ಕಂಪನಿಗೆ ಅದು ಭಾರವಾಗುತ್ತದೆ ಅಂತ ನಮಗೆ ಅನ್ನಿಸುವುದಿಲ್ಲ.

ಕಾನೂನು ಇದನ್ನು ಎಂದೋ ಹೇಳಿದೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಶೌಚಾಲಯ ಹೇಗಿರಬೇಕು ಎನ್ನುವ ಕಲಮಿನಲ್ಲಿ ಒಂದು ಮಾತಿದೆ: ಕಾರ್ಮಿಕರು ಕಾರ್ಖಾನೆಯಲ್ಲಿ ಇರುವಷ್ಟು ಹೊತ್ತೂ, ಯಾವಾಗ ಬೇಕಾದರೂ ಅವರಿಗೆ ಸಿಗುವಂತಿರಬೇಕು. ಟೋಕನ್ ತಗೊಂಡು ಹೋಗಿ, ಟಾರ್ಗೆಟ್ ಮುಗಿಸಿ ಹೋಗಿ ಎಂದು ಎಲ್ಲೂ ಇಲ್ಲ. ಕುಡಿಯುವ ನೀರಿನ ಜಾಗದಲ್ಲಿ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಬೋರ್ಡ್ ಇರಬೇಕು, 250ಕ್ಕಿಂತ ಹೆಚ್ಚು ಜನ ಇದ್ದರೆ ಬೇಸಿಗೆಯಲ್ಲಿ ತಣ್ಣನೆ ನೀರು ಕೊಡಬೇಕು ಎಂದೂ ಇದೆ. 2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದು ಹಳೇ ಕಾಯ್ದೆಗಳನ್ನು ಅವುಗಳೊಳಗೆ ಸೇರಿಸಿದೆ. ಅದರಲ್ಲೂ ಶೌಚಾಲಯ, ನೀರು, ನಿಂತು ಕೆಲಸ ಮಾಡುವವರಿಗೆ ಕೂರಲು ವ್ಯವಸ್ಥೆ ಎಲ್ಲ ಉಂಟು. ನಲ್ಲಿ ಇದೆ, ಶೌಚಾಲಯವೂ ಇದೆ. ಬಯರ್ ಕಡೆಯವರು ತಪಾಸಣೆಗೆ ಬರುವ ದಿನ ಸೋಪೂ ಇರುತ್ತದೆ. ಕಾಗದದಲ್ಲಿ ಎಲ್ಲ ಸರಿ. ಎದ್ದು ಹೋಗುವ ಧೈರ್ಯವನ್ನು ಮಾತ್ರ ಯಾವ ತಪಾಸಣೆಯಲ್ಲೂ ಎಣಿಸುವುದಿಲ್ಲ.

ಕಾರ್ಮಿಕರ ಹಿತ ನೋಡಿದರೆ ಕಂಪನಿಗೂ ಲಾಭ ಎನ್ನುವುದಕ್ಕೆ ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲೇ ಪುರಾವೆ ಇದೆ. ಅಲ್ಲಿ ಹಳೇ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದ ಮೇಲೆ ಏನಾಯಿತು ಎಂದು ಅರ್ಥಶಾಸ್ತ್ರಜ್ಞರು ಲೆಕ್ಕ ನೋಡಿದ್ದರು. ಎಲ್‌ಇಡಿ ಕಡಿಮೆ ಬಿಸಿ ಕಾರುತ್ತದೆ. ಸೆಕೆಯ ದಿನಗಳಲ್ಲಿ ಇಳಿದುಹೋಗುತ್ತಿದ್ದ ಉತ್ಪಾದನೆ ಅಷ್ಟಾಗಿ ಇಳಿಯಲಿಲ್ಲ. ಕರೆಂಟ್ ಬಿಲ್ ಉಳಿಸಲು ಹಾಕಿದ ದೀಪದಿಂದ ಹೊಲಿಯುವವರ ತಲೆ ತಣ್ಣಗಾಯಿತು, ಪೀಸೂ ಹೆಚ್ಚಾಯಿತು.

ಇನ್ನೊಂದು ಅಧ್ಯಯನ ನಮಗೆ ಇದಕ್ಕಿಂತ ಹಿಡಿಸಿತು. 2016ರಲ್ಲಿ ಸಂಬಳ ಏರಿಕೆ ಕಾರ್ಮಿಕರು ನೆಚ್ಚಿಕೊಂಡಷ್ಟು ಆಗಲಿಲ್ಲ. ಆಗ ಕೆಲವರನ್ನು ಆರಿಸಿ, ಹೆಸರು ಹೊರಗೆ ಬಾರದ ಹಾಗೆ, ನಿಮ್ಮ ಕೆಲಸ, ಸಂಬಳ, ಸೂಪರ್‌ವೈಸರ್ ಬಗ್ಗೆ ಏನನ್ನಿಸುತ್ತದೆ ಎಂದು ಕೇಳಿ ಬರೆದುಕೊಂಡರು. ಸಂಬಳ ಒಂದು ರೂಪಾಯಿಯೂ ಹೆಚ್ಚಿಸಲಿಲ್ಲ, ಕೇಳಿದರು ಅಷ್ಟೇ. ಹಾಗೆ ಕೇಳಿಸಿಕೊಂಡವರಲ್ಲಿ ಕೆಲಸ ಬಿಟ್ಟು ಹೋದವರು ಉಳಿದವರಿಗಿಂತ ಸುಮಾರು ಐದನೇ ಒಂದು ಪಾಲು ಕಡಿಮೆ. ಸಂಬಳ ಹೆಚ್ಚಿಸದೆ ಬರೀ ಕೇಳಿ ಸುಮ್ಮನಾಗಲು ಮಾಲೀಕರಿಗೆ ಇದೊಂದು ನೆಪವಾಗಬಾರದು. ಆದರೆ ಕೇಳುವವರೇ ಇಲ್ಲದ ಕಡೆ ಒಬ್ಬರು ಕೂತು ಕೇಳಿಸಿಕೊಂಡರೆ ಮನುಷ್ಯರಿಗೆ ಎಷ್ಟು ಸಮಾಧಾನ ಆಗುತ್ತದೆ ನೋಡಿ.

ಅದೇ 2016ರ ಏಪ್ರಿಲ್‌ನಲ್ಲಿ ಯಾರನ್ನೂ ಕೇಳದೆ ಪಿ.ಎಫ್. ಹಣ ತೆಗೆಯುವ ನಿಯಮ ಬದಲಾದಾಗ ಬೆಂಗಳೂರಿನ ಹೊಸೂರು ರಸ್ತೆಗೆ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಇಳಿದಿದ್ದು ನಿಮಗೂ ನೆನಪಿರಬೇಕು. ಎರಡೇ ದಿನದಲ್ಲಿ ಕೇಂದ್ರ ಆ ನಿಯಮವನ್ನು ವಾಪಸ್ ತಗೊಂಡಿತು.

ನಮಗೆ ಗೊತ್ತಿರುವ ಒಂದು ಫ್ಯಾಕ್ಟರಿಯಲ್ಲಿ ದೂರು ಪೆಟ್ಟಿಗೆಯನ್ನು ಎಚ್‌ಆರ್ ರೂಮಿನ ಬಾಗಿಲ ಪಕ್ಕದಲ್ಲಿ, ಸಿಸಿ ಕ್ಯಾಮೆರಾದ ಕೆಳಗೇ ತೂಗು ಹಾಕಿದ್ದಾರೆ. ಅದರೊಳಗೆ ಚೀಟಿ ಹಾಕುವ ಗಂಡೆದೆ ಯಾರಿಗಿದೆ? ಪೆಟ್ಟಿಗೆಯನ್ನು ಹೆಂಗಸರ ಶೌಚಾಲಯದ ಪಕ್ಕದ ಗೋಡೆಗೆ ಹಾಕಲಿ. ಬೀಗದ ಕೈ ಕಾರ್ಮಿಕರೇ ಆರಿಸಿದವರ ಹತ್ತಿರವೂ ಒಂದಿರಲಿ. ಒಳಗೆ ಹೇಳಲಾಗದಿದ್ದರೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯ ಇನ್‌ಸ್ಪೆಕ್ಟರ್‌ಗೆ ದೂರು ಕೊಡಬಹುದು. ದೂರು ಕೊಟ್ಟವರು ಯಾರೆಂದು ಹೊರಗೆ ಬಿಡಬಾರದು ಎಂದು ಹಳೇ ಕಾಯ್ದೆಯಲ್ಲೇ ಬರೆದಿತ್ತು. ಪಂಚಾಯ್ತಿ ಸದಸ್ಯರಿಗೂ ಒಂದು ಮಾತು: ಫ್ಯಾಕ್ಟರಿ ಬರುವಾಗ ಜಾಗ, ರಸ್ತೆ, ನೀರು ಅಂತ ಎಷ್ಟು ಸಭೆ ಮಾಡಿದಿರಿ. ಬಂದ ಮೇಲೆ ಒಳಗೆ ಕೂತಿರುವ ನಿಮ್ಮೂರ ಹೆಂಗಸರ ಬಗ್ಗೆ ಒಂದು ಸಭೆಯಲ್ಲಾದರೂ ಕೇಳಿದ್ದೀರಾ?

ಇ.ಎಸ್.ಐ. ಬಗ್ಗೆ ಬರೆಯದಿದ್ದರೆ ತಪ್ಪಾಗುತ್ತದೆ, ಯಾಕೆಂದರೆ ನಮ್ಮವರು ಅದನ್ನು ಸುಮ್ಮನೆ ಬಿಟ್ಟುಕೊಡುತ್ತಿದ್ದಾರೆ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರಿಗೆ ಇದು ಸಿಗುತ್ತದೆ. ಸಂಬಳ 12,000 ಆದರೆ ನಿಮ್ಮಿಂದ ಕಟ್ಟಾಗುವುದು 90 ರೂಪಾಯಿ, ಮಾಲೀಕರು ಹಾಕುವುದು 390. ಚಿಕಿತ್ಸೆ ನಿಮಗೆ ಮಾತ್ರವಲ್ಲ, ನಿಮ್ಮನ್ನು ನಂಬಿರುವ ಮನೆಯವರಿಗೂ ಉಂಟು. ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿದ್ದರೆ, ಕಾಯಿಲೆ ಬಿದ್ದಾಗ ಇ.ಎಸ್.ಐ. ಡಾಕ್ಟರ ಸರ್ಟಿಫಿಕೇಟ್ ಮೇಲೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70ರಷ್ಟು ಹಣ ಬರುತ್ತದೆ. ನಮ್ಮ ಪಕ್ಕದ ಮನೆ ಅಕ್ಕ ಉರಿಮೂತ್ರಕ್ಕೆ ಮೂರು ಸಲ ಸಂತೆಬೀದಿಯ ಕ್ಲಿನಿಕ್ಕಿಗೆ ಹೋಗಿ ಕೈಯಿಂದ ದುಡ್ಡು ಕೊಟ್ಟಿದ್ದಾರೆ, ರಜೆಯ ಕೂಲಿಯನ್ನೂ ಕಳೆದುಕೊಂಡಿದ್ದಾರೆ. ಇ.ಎಸ್.ಐ. ಕಾರ್ಡು ಬೀರುವಿನಲ್ಲಿ ಮದುವೆ ಫೋಟೋ ಜೊತೆ ಭದ್ರವಾಗಿದೆ. ಕೇಳಿದರೆ, ಔಷಧಾಲಯ ತೆಗೆದಿರುವ ಹೊತ್ತಿಗೆ ತಾನು ಮಷೀನ್ ಮುಂದೆ ಇರುತ್ತೇನೆ ಎನ್ನುತ್ತಾರೆ. ಆ ಮಾತೂ ನಿಜ. ವಾರಕ್ಕೆ ಒಂದು ದಿನ ಸಂಜೆ ಹೊತ್ತು ಇ.ಎಸ್.ಐ. ಡಾಕ್ಟರನ್ನು ಫ್ಯಾಕ್ಟರಿಗೇ ಕರೆಸಿದರೆ ಆಗದೇ?

ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಗಾರ್ಮೆಂಟ್ಸ್‌ನವರೂ ಅದರಲ್ಲಿ ಸೇರಿದ್ದಾರೆ. ಒಳ್ಳೆಯದೇ. ಆದರೆ ಐದು ನಿಮಿಷ ಎದ್ದು ಹೋಗುತ್ತೇನೆ ಎಂದು ಬಾಯಿಬಿಟ್ಟು ಹೇಳಲಾಗದ ಹೆಂಗಸು, ಇವತ್ತು ನನಗೆ ಮುಟ್ಟು, ರಜೆ ಕೊಡಿ ಎಂದು ಅದೇ ಸೂಪರ್‌ವೈಸರ್ ಮುಂದೆ ನಿಂತು ಕೇಳುತ್ತಾಳೆಯೇ? ಮೊದಲು ಆ ಐದು ನಿಮಿಷ ಸಲೀಸಾಗಬೇಕು.

ಇದನ್ನು ಓದುತ್ತಿರುವ ಗಂಡಸರಿಗೆ ಒಂದು ಕೆಲಸ ಹೇಳುತ್ತೇವೆ. ಇವತ್ತು ಸಂಜೆ ವ್ಯಾನ್ ಬಂದಾಗ ಅಮ್ಮನದೋ, ಹೆಂಡತಿಯದೋ, ತಂಗಿಯದೋ ಬ್ಯಾಗು ನೀವೇ ಇಸ್ಕೊಳ್ಳಿ. ತೂಕ ನೋಡಿ.

ಮೊನ್ನೆ ಒಂದು ಸಂಜೆ ಅಕ್ಕನ ಬಾಟಲಿ ಪೂರ್ತಿ ಖಾಲಿಯಾಗಿತ್ತು. ನಮಗೆ ಖುಷಿಯಾಯಿತು. ಸೂಪರ್‌ವೈಸರ್ ಬದಲಾದನಾ ಎಂದು ಕೇಳಿದೆವು.

“ಅಯ್ಯೋ ಇಲ್ಲ ಕಣಪ್ಪ. ಕಟಿಂಗ್‌ನಿಂದ ಮಾಲೇ ಬರ್ಲಿಲ್ಲ ಇವತ್ತು. ಮಧ್ಯಾಹ್ನದವರ್ಗೂ ಲೈನ್ ಖಾಲಿ.”