ಅಜ್ಜಿಯ ಎಲೆಅಡಿಕೆ ಚೀಲದ ಕೆಂಪು



ಹೋದ ತಿಂಗಳು ಹುಳಿಯಾರಿನ ನಮ್ಮ ಪಕ್ಕದ ಮನೆಯ ಹುಡುಗಿ ಜಗುಲಿಯ ಮೇಲೆ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದಳು. ಐದನೇ ಕ್ಲಾಸಿನವಳು. ಮನೆಯ ಗೋಡೆಗೆ ಹಾಕುವಂಥ ಅಲಂಕಾರದ ವಸ್ತುವೊಂದನ್ನು ಮಾಡಿಕೊಂಡು ಬನ್ನಿ ಎಂದು ಶಾಲೆಯಲ್ಲಿ ಹೇಳಿದ್ದರಂತೆ. ಥರ್ಮಾಕೋಲ್, ಮಿಂಚಿನ ಪುಡಿ, ಬಣ್ಣದ ಕಾಗದ, ಅಂಟು ಎಂದು ಉದ್ದದ ಪಟ್ಟಿ ಬರೆದು ಅಪ್ಪನಿಗೆ ಕೊಟ್ಟಿದ್ದಳು. ಕೊಬ್ಬರಿ ಇನ್ನೂ ಅಟ್ಟದ ಮೇಲಿದೆ, ಮಾರಿದ ಮೇಲೆ ನೋಡೋಣ ಎಂದು ಅವರು ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡಿದ್ದರು.

‘ಅದೆಲ್ಲಾ ಇಲ್ಲದೆ ಏನು ಮಾಡೋದು ಅಂತಾನೇ ಹೊಳೀತಿಲ್ಲ ತಾತ’ ಎಂದಳು ನನಗೆ.

ಮೂಲೆಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಅವಳ ಅಜ್ಜಿ ತಲೆ ಎತ್ತಿದರು. ‘ಅಡುಗೆ ಮನೇಲಿ ಅರಿಶಿನ ಐತಲ್ಲ, ಒಂದು ಚಮಚ ತಗೊಂಡು ಬಾ ಹೋಗು. ಒಂದು ಬಿಳೀ ಕಾಗದಾನೂ ತಾ.’

ಅಜ್ಜಿ ಅರಿಶಿನವನ್ನು ನೀರಿನಲ್ಲಿ ಕಲಸಿ ಕಾಗದಕ್ಕೆಲ್ಲ ಬಳಿದರು. ಅದು ಒಣಗಿದ ಮೇಲೆ ತಮ್ಮ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಕಡಲೆಕಾಳಿನಷ್ಟು ಸುಣ್ಣವನ್ನು ನೀರಿಗೆ ಹಾಕಿ ಕದಡಿದರು. ಪೊರಕೆಯಿಂದ ಒಂದು ತೆಂಗಿನ ಕಡ್ಡಿ ಕಿತ್ತು, ಅದರಲ್ಲಿ ಅದ್ದಿ, ಹಳದಿ ಕಾಗದದ ಮೇಲೆ ಒಂದು ಗೆರೆ ಎಳೆದರು. ಬಣ್ಣವೇ ಇಲ್ಲದ ಸುಣ್ಣದ ನೀರು ತಾಗಿದ ಕಡೆಯಲ್ಲೆಲ್ಲ ಕಾಗದ ಕೆಂಪಗಾಯಿತು! ಹುಡುಗಿ ಎದ್ದು ನಿಂತಳು.

‘ಆರತಿ ತಟ್ಟೆ ನೀರು ಹೆಂಗೆ ಕೆಂಪಾಗುತ್ತೆ ಅಂದ್ಕಂಡಿದ್ದೆ?’ ಎಂದರು ಅಜ್ಜಿ.

ಅರಿಶಿನದ ಹಳದಿ ಕ್ಷಾರ ತಗುಲಿದರೆ ಕೆಂಪಾಗುತ್ತದೆ. ಅದೇ ಗೆರೆಯ ಮೇಲೆ ನಿಂಬೆಹಣ್ಣಿನ ರಸ ಸವರಿ ನೋಡಿ, ಮತ್ತೆ ಹಳದಿಗೆ ಬರುತ್ತದೆ. ಸೋಪಿನ ನೀರಿನಲ್ಲೂ ಕೆಂಪು ಬರುತ್ತದೆ. ಸುಣ್ಣವನ್ನು ಮಾತ್ರ ದೊಡ್ಡವರೇ ಕಲಸಿ ಕೊಡಬೇಕು. ಕಣ್ಣಿಗೆ ತಗುಲಿದರೆ ಬಹಳ ಅಪಾಯ.

ಮಕ್ಕಳೇ, ಏನೂ ಹೊಳೆಯುತ್ತಿಲ್ಲ ಎನ್ನುವವರು ಸಾಮಾನ್ಯವಾಗಿ ಅಂಗಡಿಯ ಕಡೆ ನೋಡುತ್ತಿರುತ್ತಾರೆ. ಹಿತ್ತಲ ಕಡೆ ಒಂದು ಸಲ ತಿರುಗಿ ನೋಡಿ. ನಮ್ಮ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರಿದೆ. ಮಣ್ಣಿನಲ್ಲಿರುವ ಕಬ್ಬಿಣ ತುಕ್ಕಿನಂತಾಗಿರುವುದರಿಂದಲೇ ಮಣ್ಣು ಕೆಂಪು. ಆ ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಿಳಿಯಾಗಲು ಬಿಡಿ. ಮೇಲಿನ ನೀರು ಚೆಲ್ಲಿದರೆ ತಳದಲ್ಲಿ ಬೆಣ್ಣೆಯಂಥ ಬಣ್ಣ ಸಿಗುತ್ತದೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ನ ಬಂಡೆಗಳ ಮೇಲೆ ಬಹಳ ಹಿಂದಿನ ಜನ ಬರೆದ ಚಿತ್ರಗಳ ಕೆಂಪೂ ಮಣ್ಣಿನದೇ. ಅದು ಇನ್ನೂ ಮಾಸಿಲ್ಲ.

ಅಂಟು ಬೇಕೇ? ಹುಣಸೆ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿ, ನೀರಿನಲ್ಲಿ ಕುದಿಸಿ. ಕಂಬಳಿ ನೇಯುವವರು ನೂಲಿಗೆ ಹಾಕುವ ಗಂಜಿಯೂ ಹುಣಸೆ ಬೀಜದ್ದೇ. ಒಂದಿಷ್ಟನ್ನು ಕೆಮ್ಮಣ್ಣಿಗೆ ಬೆರೆಸಿದರೆ ಬಣ್ಣ ಉದುರುವುದಿಲ್ಲ.

ಸಾಗರ, ಸೊರಬದ ಕಡೆ ದೀವರ ಮನೆಗಳ ಹೆಂಗಸರು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವುದೂ ಹೀಗೆಯೇ. ಕೆಮ್ಮಣ್ಣು ಬಳಿದ ಗೋಡೆ, ಅರೆದ ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಬರೆಯುವುದು ಪುಂಡಿ ನಾರಿನ ಕುಂಚದಿಂದ. ಮಲೆನಾಡಿನವರಿಗೆ ಪುಂಡಿ ನಾರು ಕೈಗೆ ಸಿಕ್ಕಿತು. ನಮಗೆ ತೆಂಗಿದೆ. ಕಾಯಿ ಮಟ್ಟೆಯ ಒಂದು ಚೂರನ್ನು ನೆನೆಸಿ ತುದಿಯನ್ನು ಕಲ್ಲಿನಿಂದ ಜಜ್ಜಿದರೆ ದಪ್ಪ ಕುಂಚವಾಯಿತು. ಸಣ್ಣ ಗೆರೆಗೆ ಕಡ್ಡಿ ಇದ್ದೇ ಇದೆ. ಕರಟವನ್ನು ಉಪ್ಪುಕಾಗದದಿಂದ ನುಣ್ಣಗೆ ಉಜ್ಜಿ ಎರಡು ಹನಿ ಕೊಬ್ಬರಿ ಎಣ್ಣೆ ಸವರಿದರೆ ಅದು ಹೊಳೆಯುವ ಕಂದು ಬಟ್ಟಲು.

ಇನ್ನು ಗರಿ. ಚೆನ್ನಾಗಿರುವ ತೆಂಗಿನ ಮರ ತಿಂಗಳಿಗೆ ಸುಮಾರು ಒಂದು ಹೊಸ ಗರಿ ಬಿಡುತ್ತದೆ, ತಳದಲ್ಲಿ ಹಳೆಯದೊಂದು ಬೀಳುತ್ತದೆ. ಬಿದ್ದ ಗರಿ ಸಾಕು, ನೆನೆಸಿದರೆ ಮೆತ್ತಗಾಗುತ್ತದೆ. ಆದರೆ ಸುಳಿಯನ್ನು ಮುಟ್ಟಬೇಡಿ. ತೆಂಗು ಬೆಳೆಯುವುದು ಅದೊಂದೇ ಜಾಗದಿಂದ. ಅದನ್ನು ಕಡಿದರೆ ಮರವೇ ಸಾಯುತ್ತದೆ.

ಗರಿಯ ಮಾತು ಬಂದಾಗ ನನ್ನದೊಂದು ತಪ್ಪನ್ನು ಹೇಳಿಬಿಡುತ್ತೇನೆ. ನಮ್ಮಪ್ಪ ತೋಟದಿಂದ ಬರುವಾಗ ನಡೆಯುತ್ತಲೇ ಎರಡು ಗರಿಯೆಳೆ ಹರಿದು ಗಿಳಿ ಹೆಣೆಯುತ್ತಿದ್ದರು. ಮನೆ ತಲುಪುವಷ್ಟರಲ್ಲಿ ಗಿಳಿಗೆ ಕೊಕ್ಕೂ ಬಾಲವೂ ಬಂದಿರುತ್ತಿತ್ತು. ಎಷ್ಟೋ ಗಿಳಿಗಳನ್ನು ಆಡಿ, ಬಾಡಿದ ಮೇಲೆ ಎಸೆದಿದ್ದೇನೆ. ನಾಳೆ ಇನ್ನೊಂದು ಬರುತ್ತದಲ್ಲ ಎಂದು ಹೆಣೆಯುವುದನ್ನು ಕಲಿಯಲೇ ಇಲ್ಲ. ಈಗ ಗಿರಗಟ್ಟಲೆ ಮಾಡಬಲ್ಲೆ, ಪೀಪಿ ಮಾಡಬಲ್ಲೆ, ಕೈಗಡಿಯಾರ ಮಾಡಬಲ್ಲೆ. ಗಿಳಿ ಮಾತ್ರ ಕುತ್ತಿಗೆಯ ತನಕ ಬಂದು ಬಿಚ್ಚಿಕೊಳ್ಳುತ್ತದೆ. ಕೇಳೋಣವೆಂದರೆ ಅಪ್ಪ ಇಲ್ಲ.

ಹುಡುಗಿಯ ಕಥೆ ಮುಗಿಸುತ್ತೇನೆ. ಅವಳು ಹಳದಿ ಕಾಗದದ ಮೇಲೆ ಕೆಂಪು ಗೆರೆಗಳಲ್ಲಿ ತಮ್ಮ ತೋಟ ಬರೆದಳು. ಅಜ್ಜಿ ಸುತ್ತಲೂ ಗರಿಯ ಅಂಚು ಹೆಣೆದುಕೊಟ್ಟರು. ಒಂದು ಬದಿ ಅಜ್ಜಿಯದು, ನೇರ. ಉಳಿದ ಮೂರು ಬದಿ ಮೊಮ್ಮಗಳದು, ಸ್ವಲ್ಪ ಸೊಟ್ಟ. ಶಾಲೆಗೆ ಹೋಗಿ ಬಂದ ಚಿತ್ರವನ್ನು ಕಿಟಕಿಯ ಪಕ್ಕ ನೇತುಹಾಕಿದರು. ಅರಿಶಿನದ ಬಣ್ಣಕ್ಕೆ ಬಿಸಿಲು ಆಗದು. ಹದಿನೈದು ದಿನಕ್ಕೆ ಮಂಕಾಗಿ, ಹುಡುಗಿ ಅಳುಮುಖ ಮಾಡಿಕೊಂಡು ಬಂದಳು.

‘ಅದಕ್ಯಾಕೆ ಅಳ್ತೀಯ? ರಂಗೋಲಿ ದಿನಾ ಅಳಿಸಿ ಹೋಗಲ್ವಾ? ಇನ್ನೊಂದು ಬರಿ. ಈ ಸಲ ನಾಲ್ಕು ಬದೀನೂ ನೀನೇ ಹೆಣಿ, ನಾನು ನೋಡ್ತಾ ಕೂತಿರ್ತೀನಿ’ ಎಂದರು ಅಜ್ಜಿ.

ಈ ವಾರದ ಕೆಲಸ ಇಷ್ಟೇ. ಮಕ್ಕಳೇ, ನಿಮ್ಮ ಮನೆಯ ಹಿರಿಯರನ್ನು ಕೇಳಿ: ‘ನೀವು ಚಿಕ್ಕವರಿದ್ದಾಗ ಕೈಯಲ್ಲಿ ಏನೇನು ಮಾಡ್ತಿದ್ರಿ?’ ಅದರಲ್ಲಿ ಒಂದನ್ನು ಪಕ್ಕದಲ್ಲಿ ಕೂತು ಕಲಿಯಿರಿ. ಅಜ್ಜ ಅಜ್ಜಿಯರೇ, ನೀವೇ ಪೂರ್ತಿ ಮಾಡಿಕೊಡಬೇಡಿ. ಸೊಟ್ಟಗಾದರೂ ಮಕ್ಕಳೇ ಮುಗಿಸಲಿ.

ನಿಮ್ಮಲ್ಲಿ ಯಾರಿಗಾದರೂ ಗರಿಯ ಗಿಳಿ ಹೆಣೆಯಲು ಬಂದರೆ, ಕುತ್ತಿಗೆ ತಿರುಗಿಸುವುದು ಹೇಗೆ ಎಂದು ನನಗೊಂದು ಕಾಗದ ಬರೆಯಿರಿ. ನಾನೂ ಕಲಿಯಬೇಕು.