ಬರದ ನಾಡಿನಲ್ಲಿ ಛಲ ಮತ್ತು ವಿವೇಕ

2023ರಲ್ಲಿ ರಾಜ್ಯ ಸರ್ಕಾರವು ಬರಪೀಡಿತವೆಂದು ಘೋಷಿಸಿದ 223 ತಾಲ್ಲೂಕುಗಳ ಪಟ್ಟಿಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿಗಳ ಹೆಸರುಗಳಿದ್ದವು. ಎರಡೇ ವರ್ಷ ಕಳೆದು 2025ರ ಸೆಪ್ಟೆಂಬರ್ ಬಂದಾಗ ಭೀಮಾನದಿ ಉಕ್ಕಿ ಹರಿದು, ಇಂಡಿ ಮತ್ತು ಹಳೆಯ ಸಿಂದಗಿ ತಾಲ್ಲೂಕುಗಳ ನದಿತೀರದ ಹೊಲಗಳಲ್ಲಿ ತೊಗರಿ, ಹತ್ತಿಗಳು ನಿಂತಲ್ಲಿಯೇ ಕೊಳೆತವು. ಒಮ್ಮೆ ಮುಗಿಲಿನ ಕಡೆ ನೋಡಿ ಕಣ್ಣೀರು, ಇನ್ನೊಮ್ಮೆ ಹೊಳೆಯ ಕಡೆ ನೋಡಿ ಕಣ್ಣೀರು. ವಿಜಯಪುರ ಜಿಲ್ಲೆಯ ರೈತನ ಬದುಕು ಈ ಎರಡು ಕಣ್ಣೀರುಗಳ ನಡುವೆ ಸಾಗಿಬಂದಿದೆ.

ಇಂತಹ ನೆಲದಲ್ಲಿ ಮನುಷ್ಯನ ಛಲಕ್ಕೆ, ಹೊಸದನ್ನು ಹುಡುಕುವ ಅವನ ಬುದ್ಧಿಗೆ ಎಷ್ಟು ಬೆಲೆ? ಪತ್ರಿಕೆಗಳಲ್ಲಿ ಆಗಾಗ ‘ಸಾಧಕ ರೈತ’ರ ಚಿತ್ರಗಳು ಪ್ರಕಟವಾಗುತ್ತವೆ. ಅವುಗಳನ್ನು ಓದಿ ನಾವು ಮೆಚ್ಚುತ್ತೇವೆ, ಮರುದಿನ ಮರೆಯುತ್ತೇವೆ. ಆದರೆ ಬೇಸಗೆ ಬಂತೆಂದರೆ ಇದೇ ತಾಲ್ಲೂಕುಗಳಿಂದ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗೋವೆಗೆ, ಮಹಾರಾಷ್ಟ್ರಕ್ಕೆ, ಮಂಗಳೂರಿನ ಕಡೆಗೆ ಗುಳೆ ಹೋಗುವವರು ಛಲವಿಲ್ಲದವರೇನು? ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಪರಊರಿನಲ್ಲಿ ಕಲ್ಲು ಹೊರುವ ತಾಯಿಗಿಂತ ಹೆಚ್ಚಿನ ಛಲ ಯಾರಿಗಿದೆ? ಆದ್ದರಿಂದ ಛಲವೊಂದಿದ್ದರೆ ಸಾಕು ಎಂಬ ಸುಲಭದ ಉಪದೇಶವನ್ನು ಬದಿಗಿಟ್ಟು, ಯಾವ ಛಲ, ಯಾವ ನೆಲದಲ್ಲಿ, ಯಾರ ಹಿತಕ್ಕಾಗಿ ಎಂದು ಕೇಳಬೇಕಾಗಿದೆ.

ಮೊದಲು ನೆಲದ ಮಾತು. ಈ ನಾಲ್ಕು ತಾಲ್ಲೂಕುಗಳ ಬಹುಭಾಗ ಎರೆ ಭೂಮಿ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಅದರಲ್ಲಿಯೂ ಹೆಚ್ಚಿನ ಪಾಲು ಬೀಳುವುದು ಸೆಪ್ಟೆಂಬರಿನ ಆಸುಪಾಸಿನಲ್ಲಿ. ಬೇಸಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಈ ಕಪ್ಪುಮಣ್ಣು ಒಮ್ಮೆ ನೀರು ಕುಡಿಯಿತೆಂದರೆ ತಿಂಗಳುಗಟ್ಟಲೆ ಹಸಿ ಹಿಡಿದಿಟ್ಟುಕೊಳ್ಳುತ್ತದೆ. ಆ ಹಸಿಯ ಮೇಲೆಯೇ, ಒಂದು ಹನಿ ನೀರು ಹಾಯಿಸದೆ, ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆಗಳು ಬೆಳೆದು ಬರುತ್ತವೆ. ಡೋಣಿ ನದಿ ಚೆನ್ನಾಗಿ ಹರಿದ ವರ್ಷ ಓಣಿಗೆಲ್ಲ ಜೋಳ ಎಂದು ಹಿರಿಯರು ಆಡುತ್ತಿದ್ದ ಮಾತಿನ ಹಿಂದೆ ಈ ಮಣ್ಣಿನ ಗುಣವೇ ಇದೆ.

ಮಳೆ ಕಡಿಮೆ ಎಂಬುದಷ್ಟೇ ಇಲ್ಲಿನ ಕಷ್ಟವಲ್ಲ. ಬಿದ್ದ ಮಳೆ ಇಂಗುವ ಮೊದಲೇ ಮೇಲ್ಮಣ್ಣನ್ನು ಕೊಚ್ಚಿಕೊಂಡು ಹಳ್ಳ ಸೇರುವುದು ಇನ್ನೊಂದು ಕಷ್ಟ. ಇದಕ್ಕೆ ಕಂಡುಕೊಂಡ ಪರಿಹಾರಗಳಲ್ಲೊಂದು ಚೌಕುಮಡಿ. ಮುಂಗಾರಿನಲ್ಲಿ ಬಿತ್ತದೆ ಬಿಟ್ಟ ಹೊಲದಲ್ಲಿ ಎತ್ತುಗಳು ಎಳೆಯುವ ಸಾದಾ ಸಲಕರಣೆಯಿಂದ ಸಣ್ಣ ಬದುಗಳನ್ನೆಬ್ಬಿಸಿ, ಹತ್ತು ಹದಿನೈದು ಅಡಿಗಳ ಚೌಕಗಳನ್ನು ಮಾಡುತ್ತಾರೆ. ಪ್ರತಿ ಚೌಕವೂ ಒಂದು ಪುಟ್ಟ ಕೆರೆ. ಬಿದ್ದ ಹನಿ ಬಿದ್ದಲ್ಲಿಯೇ ಇಂಗುತ್ತದೆ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರದೊಳಗೆ ಜೋಳ ಬಿತ್ತುವ ಹೊತ್ತಿಗೆ ನೆಲದ ಒಡಲು ತುಂಬಿರುತ್ತದೆ. 1930ರ ದಶಕದಲ್ಲಿ ವಿಜಯಪುರದಲ್ಲಿ ಆರಂಭವಾದ ಒಣಬೇಸಾಯ ಸಂಶೋಧನಾ ಕೇಂದ್ರವು ಇಂತಹ ಪದ್ಧತಿಗಳನ್ನು ಪರೀಕ್ಷಿಸಿ ರೈತರ ಮುಂದಿಟ್ಟಿತು. ಅದೇ ದಶಕದಲ್ಲಿ ನೆರೆಯ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಸ್ಥಳೀಯ ಜೋಳದಿಂದಲೇ ಆರಿಸಿದ ಮಾಲದಂಡಿ ತಳಿ ಇಂದಿಗೂ ನಮ್ಮ ಮನೆಗಳಲ್ಲಿ ರೊಟ್ಟಿಯಾಗಿ ಸುಡುತ್ತಿದೆ.

ಓದುಗರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಚೌಕುಮಡಿಗೆ ಸಾಲ ಬೇಕಿಲ್ಲ, ವಿದ್ಯುತ್ತು ಬೇಕಿಲ್ಲ. ಒಬ್ಬನು ತನ್ನ ಹೊಲದಲ್ಲಿ ನೀರು ತಡೆದರೆ ಕೆಳಗಿನ ಹೊಲದವನ ಮಣ್ಣೂ ಕೊಚ್ಚಿಹೋಗುವುದಿಲ್ಲ. ಒಬ್ಬನ ಶ್ರಮ ಇನ್ನೊಬ್ಬನಿಗೆ ಲಾಭವಾಗುವ ಇಂತಹ ಜಾಣ್ಮೆಗೆ ಮೆರವಣಿಗೆಯಿಲ್ಲ, ಹಾರತುರಾಯಿಯಿಲ್ಲ. ಅದರಿಂದಲೇ ಏನೋ, ನಾವು ಅದನ್ನು ‘ಆವಿಷ್ಕಾರ’ವೆಂದು ಎಣಿಸುವುದೇ ಇಲ್ಲ.

ಎರಡನೆಯ ಉದಾಹರಣೆ ಇಂಡಿಯ ನಿಂಬೆ. ರಾಜ್ಯದ ನಿಂಬೆ ಕ್ಷೇತ್ರದಲ್ಲಿ ಅರ್ಧಕ್ಕೂ ಮಿಕ್ಕ ಪಾಲು ವಿಜಯಪುರ ಜಿಲ್ಲೆಯದು; ಅದರ ತವರು ಇಂಡಿ, ಸಿಂದಗಿ ಸೀಮೆ. ಕಡಿಮೆ ನೀರಿನಲ್ಲಿ ಬದುಕಿ, ವರ್ಷದುದ್ದಕ್ಕೂ ಕೈಗೆ ಅಷ್ಟಿಷ್ಟು ಕಾಸು ತರುವ ಈ ಗಿಡವನ್ನು ಇಲ್ಲಿನ ರೈತರು ತಲೆಮಾರುಗಳಿಂದ ಸಾಕಿದ್ದಾರೆ. ರಾಜ್ಯದ ನಿಂಬೆ ಅಭಿವೃದ್ಧಿ ಮಂಡಳಿ ಇಂಡಿಯಲ್ಲಿಯೇ ಇದೆ. 2023ರಲ್ಲಿ ಇಂಡಿ ನಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಈ ಕೀರ್ತಿಯ ಹಿಂದೆ ಎಂಥ ಹಟವಿದೆಯೆಂಬುದನ್ನು ಕಳೆದ ದಶಕದ ಬರಗಾಲಗಳಲ್ಲಿ ಕಂಡೆವು. ಕೊಳವೆಬಾವಿಗಳು ಬತ್ತಿದಾಗ ರೈತರು ಟ್ಯಾಂಕರಿನಲ್ಲಿ ನೀರು ಕೊಂಡು ತಂದು ಗಿಡಗಳನ್ನು ಉಳಿಸಿಕೊಂಡರು. ಕೈಲಾಗದವರ ತೋಟಗಳು ಕಣ್ಣೆದುರೇ ಒಣಗಿದವು. ಜೋಳದ ಬೆಳೆ ಹೋದರೆ ಒಂದು ವರ್ಷದ ಅನ್ನ ಹೋಯಿತು. ಫಲ ಕೊಡುವ ನಿಂಬೆಯ ಗಿಡ ಒಣಗಿದರೆ ಹಲವು ವರ್ಷಗಳ ಆರೈಕೆಯೇ ಮಣ್ಣುಪಾಲು.

ಇಲ್ಲಿಂದ ನಮ್ಮ ಪ್ರಶ್ನೆ ಕಠಿಣವಾಗುತ್ತದೆ. ಹನಿ ನೀರಾವರಿ ನಿಜಕ್ಕೂ ಒಳ್ಳೆಯ ಶೋಧ. ಆದರೆ ಉಳಿತಾಯವಾದ ನೀರಿನಿಂದ ಇನ್ನೆರಡು ಎಕರೆ ತೋಟ ಹೆಚ್ಚಿಸಿದರೆ ನೆಲದಡಿಯ ನೀರು ಉಳಿದಂತಾಗಲಿಲ್ಲ. ಮುನ್ನೂರು ಅಡಿಯಲ್ಲಿ ಸಿಗದಿದ್ದರೆ ಆರುನೂರು, ಆರುನೂರರಲ್ಲಿ ಸಿಗದಿದ್ದರೆ ಇನ್ನೂ ಆಳಕ್ಕೆ ಎಂದು ಕೊರೆಸುತ್ತ ಹೋಗುವವನಲ್ಲಿಯೂ ಛಲವಿದೆ. ಹತ್ತು ಅಶ್ವಶಕ್ತಿಯವರೆಗಿನ ಪಂಪುಸೆಟ್ಟುಗಳಿಗೆ ಉಚಿತ ವಿದ್ಯುತ್ತು ದೊರೆಯುವುದರಿಂದ ನೀರೆತ್ತುವ ಖರ್ಚು ಅವನ ಲೆಕ್ಕಕ್ಕೆ ಬರುವುದಿಲ್ಲ. ಅವನ ಬಾವಿಗೆ ನೀರು ಬಂದ ದಿನ ಪಕ್ಕದ ಬಡವನ ತೆರೆದ ಬಾವಿ ಬತ್ತುತ್ತದೆ. ಅವನ ಬಾವಿಯೂ ಬತ್ತಿದ ದಿನ ಉಳಿಯುವುದು ಸಾಲವೊಂದೇ. ಇಬ್ಬರೂ ಶ್ರಮಜೀವಿಗಳೇ, ಇಬ್ಬರೂ ಮಕ್ಕಳ ಭವಿಷ್ಯಕ್ಕಾಗಿ ಬೆವರು ಸುರಿಸಿದವರೇ. ಆದರೂ ಚೌಕುಮಡಿ ಹಾಕಿದವನ ಛಲ ಊರನ್ನು ಉಳಿಸಿತು, ಕೊಳವೆಬಾವಿಯ ಛಲ ಊರನ್ನು ಒಣಗಿಸಿತು.

ಗ್ರೀಸಿನ ತತ್ತ್ವಜ್ಞಾನಿ ಅರಿಸ್ಟಾಟಲನು ಕೌಶಲ ಮತ್ತು ವಿವೇಕಗಳ ನಡುವೆ ಒಂದು ಗೆರೆ ಎಳೆದನು. ವಸ್ತುವೊಂದನ್ನು ಹೇಗೆ ಮಾಡಬೇಕೆಂಬ ಅರಿವು ಕೌಶಲ. ಬಾಳಿನ ಒಳಿತಿಗಾಗಿ ಈ ಸಂದರ್ಭದಲ್ಲಿ ಏನು ಮಾಡಬೇಕೆಂಬ ಅರಿವು ವಿವೇಕ. ಸಂತ ಥಾಮಸ್ ಅಕ್ವಿನಾಸರು ಈ ವಿವೇಕವನ್ನೇ ಇತರ ಸದ್ಗುಣಗಳಿಗೆ ದಾರಿ ತೋರುವ ಗುಣವೆಂದು ಭಾವಿಸಿದರು. ಕೌಶಲಕ್ಕೆ ಯಂತ್ರ ಸಾಕು. ವಿವೇಕಕ್ಕೆ ನೆರೆಯವನ ಮುಖ ಕಾಣಬೇಕು.

ವಿವೇಕವು ನೆಲವನ್ನೂ ಓದುತ್ತದೆ. ದಕ್ಷಿಣ ಕನ್ನಡದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರ ಕಥೆ ಇದಕ್ಕೆ ಸಾಕ್ಷಿ. ಪರರ ತೋಟಗಳಲ್ಲಿ ಅಡಿಕೆ, ತೆಂಗಿನ ಮರವೇರುವ ಕೂಲಿ ಮಾಡುತ್ತಿದ್ದ ಅವರಿಗೆ ದೊರೆತದ್ದು ಎರಡು ಎಕರೆ ಬೋಳುಗುಡ್ಡ. ದಿನದ ಕೂಲಿ ಮುಗಿಸಿ ಬಂದು, ದೀಪದ ಬೆಳಕಿನಲ್ಲಿ ಗುಡ್ಡದೊಳಕ್ಕೆ ಸುರಂಗ ಕೊರೆದರು. ಐದು ಸುರಂಗಗಳು ಬರಿದಾದವು. ಆರನೆಯದರಲ್ಲಿ ನೀರು ಜಿನುಗಿತು. ಬೋಳುಗುಡ್ಡ ಅಡಿಕೆ ತೋಟವಾಯಿತು. 2022ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿ ಗೌರವಿಸಿತು. ಆದರೆ ಅದೇ ಸುರಂಗವನ್ನು ಸಿಂದಗಿಯ ಎರೆ ಹೊಲದಲ್ಲಿ ಕೊರೆದರೆ ದೊರೆಯುವುದು ಕುಸಿದ ಮಣ್ಣು ಮಾತ್ರ. ಸುರಂಗವು ಕರಾವಳಿಯ ಮುರಕಲ್ಲಿನ ಗುಡ್ಡಕ್ಕೆ ಒಪ್ಪುವ ವಿದ್ಯೆ, ಚೌಕುಮಡಿ ಎರೆಮಣ್ಣಿಗೆ ಒಪ್ಪುವ ವಿದ್ಯೆ. ನಾಯ್ಕರಿಂದ ನಾವು ಕಲಿಯಬೇಕಾದದ್ದು ಸುರಂಗವನ್ನಲ್ಲ. ಐದು ಸೋಲುಗಳ ನಂತರವೂ ಗುದ್ದಲಿ ಹಿಡಿಯುವ ಮನಸ್ಸನ್ನು, ತನ್ನ ನೆಲ ಏನು ಹೇಳುತ್ತದೆಂದು ಕೇಳುವ ಕಿವಿಯನ್ನು ಕಲಿಯಬೇಕು. ಗುಡ್ಡದಿಂದ ತಾನಾಗಿ ಹರಿದು ಬರುವಷ್ಟನ್ನೇ ಸುರಂಗ ಕೊಡುತ್ತದೆ, ಹೀರಿ ತೆಗೆಯುವುದಿಲ್ಲ ಎಂಬುದನ್ನೂ ಮರೆಯಬಾರದು.

ವ್ಯಕ್ತಿಯ ಛಲಕ್ಕೆ ಎಟುಕದ ಕೆಲಸಗಳೂ ಇವೆ. ಕೃಷ್ಣೆ ಪಕ್ಕದಲ್ಲಿಯೇ ಹರಿಯುತ್ತಿದ್ದರೂ ಎತ್ತರದ ಹೊಲಗಳಿಗೆ ಅವಳನ್ನು ಏರಿಸುವುದು ಒಂಟಿ ರೈತನಿಂದ ಆಗದು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟರು. ಅಣೆಕಟ್ಟು ಲೋಕಾರ್ಪಣೆಯಾದದ್ದು 2006ರಲ್ಲಿ, ರಾಷ್ಟ್ರಪತಿ ಅಬ್ದುಲ್ ಕಲಾಮರ ಹಸ್ತದಿಂದ. ನಡುವೆ ನಲವತ್ತೆರಡು ವರ್ಷಗಳು! ಅಡಿಗಲ್ಲಿಟ್ಟಾಗ ತೊಟ್ಟಿಲಲ್ಲಿದ್ದ ಮಗುವಿಗೆ ಆಗ ಮಕ್ಕಳಾಗಿದ್ದವು. ನಂತರದ ವರ್ಷಗಳಲ್ಲಿ ಏತ ನೀರಾವರಿಯ ಮೂಲಕ ಕೆರೆಗಳನ್ನು ತುಂಬಿಸುವ ಕಾರ್ಯ ಜಿಲ್ಲೆಯಲ್ಲಿ ಬಿರುಸು ಪಡೆಯಿತು. ಆದಿಲ್‌ಶಾಹಿಗಳ ಕಾಲದ ಮಮದಾಪುರದ ಕೆರೆಯಂತಹ ಹಳೆಯ ಕೆರೆಗಳಿಗೂ ನೀರು ಬಂತು. ಕೆರೆ ತುಂಬಿದೆಡೆ ಸುತ್ತಲಿನ ಬಾವಿಗಳಿಗೆ ಜೀವ ಬಂದಿತು. ಅರಣ್ಯ ಪ್ರದೇಶ ಶೇಕಡಾ 0.17ರಷ್ಟು ಮಾತ್ರವೆಂದು ಹೇಳಲಾಗುತ್ತಿದ್ದ ಜಿಲ್ಲೆಯಲ್ಲಿ 2016ರಲ್ಲಿ ಕೋಟಿ ವೃಕ್ಷ ಅಭಿಯಾನವೂ ಆರಂಭವಾಯಿತು.

ಇವೆಲ್ಲವೂ ಸಂತೋಷದ ಸಂಗತಿಗಳೇ. ಆದರೆ ಲೆಕ್ಕದ ಇನ್ನೊಂದು ಪುಟವನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಒಂದು ಊರಿಗೆ ನೀರು ಬರಬೇಕಾದರೆ ಇನ್ನೊಂದು ಊರು ಮುಳುಗಿದೆ. ತಮ್ಮ ಗುಡಿ, ಮಸೀದಿ, ಗೋರಿ, ಕಣಗಳನ್ನು ನೀರಿನಡಿ ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಹೋದವರ ತ್ಯಾಗ ನಮ್ಮ ಕಾಲುವೆಗಳಲ್ಲಿ ಹರಿಯುತ್ತಿದೆ. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಕೈಗೂಡಿದರೆ ಇನ್ನೂ ಸಾವಿರಾರು ಎಕರೆಗಳು ಮುಳುಗಡೆಯಾಗುತ್ತವೆ. ಅವರಿಗೆ ಪರಿಹಾರ ನ್ಯಾಯವಾಗಿ, ಸಕಾಲಕ್ಕೆ ಸಲ್ಲಬೇಕೆಂದು ಕೇಳುವುದು ನೀರು ಪಡೆಯುವವರ ಕರ್ತವ್ಯವೂ ಹೌದು. ಇನ್ನೊಂದು ಅಪಾಯವೂ ಇದೆ. ಎರೆ ಭೂಮಿಗೆ ಬೇಕಾದುದಕ್ಕಿಂತ ಹೆಚ್ಚು ನೀರು ನಿಲ್ಲಿಸಿದರೆ ಅದು ಜವುಳು ಹಿಡಿಯುತ್ತದೆ, ಉಪ್ಪೇಳುತ್ತದೆ. ಅಜ್ಜಂದಿರು ಮಳೆ ನಂಬಿ ಕಾಪಾಡಿದ ಮಣ್ಣನ್ನು ಮೊಮ್ಮಕ್ಕಳು ಕಾಲುವೆ ನಂಬಿ ಸವುಳು ಮಾಡಿದರೆ ಆ ಪಾಪ ಯಾರದು?

ಪವಿತ್ರ ಬೈಬಲಿನ ಆದಿಕಾಂಡದಲ್ಲಿ ಇಸಾಕನ ಬಾವಿಗಳ ಪ್ರಸಂಗ ಬರುತ್ತದೆ. ತಂದೆ ಅಬ್ರಹಾಮನ ಕಾಲದಲ್ಲಿ ತೋಡಿದ್ದ ಬಾವಿಗಳನ್ನು ಫಿಲಿಷ್ಟಿಯರು ಮಣ್ಣು ಹಾಕಿ ಮುಚ್ಚಿದ್ದರು. ಇಸಾಕನು ಅವುಗಳನ್ನು ಮತ್ತೆ ತೋಡಿಸಿ ಹಳೆಯ ಹೆಸರುಗಳನ್ನೇ ಇಟ್ಟನು. ಹೊಸ ಬಾವಿ ತೋಡಿದಾಗ ಅಲ್ಲಿನ ಕುರುಬರು ನೀರು ತಮ್ಮದೆಂದು ಜಗಳವಾಡಿದರು. ಅವನು ಅದನ್ನು ಬಿಟ್ಟು ಇನ್ನೊಂದನ್ನು ತೋಡಿಸಿದನು. ಅದಕ್ಕೂ ಜಗಳ. ಮೂರನೆಯ ಬಾವಿಗೆ ಮಾತ್ರ ಯಾರೂ ಜಗಳ ತೆಗೆಯಲಿಲ್ಲ. ಎಲ್ಲರಿಗೂ ಸ್ಥಳವಾಯಿತು ಎಂಬ ಅರ್ಥದಲ್ಲಿ ಅದಕ್ಕೆ ರೆಹೋಬೋತ್ ಎಂದು ಹೆಸರಿಟ್ಟನು. ಹಿರಿಯರ ಬಾವಿಯ ಹೂಳೆತ್ತುವುದು, ಸೋತರೂ ಮತ್ತೆ ತೋಡುವುದು, ಜಗಳವಿಲ್ಲದ ನೀರಿಗಾಗಿ ಕಾಯುವುದು: ಬರದ ನಾಡಿಗೆ ಬೇಕಾದ ಪಾಠ ಇಷ್ಟರಲ್ಲಿಯೇ ಇದೆ. ದಿವಂಗತ ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಶುದ್ಧ ಕುಡಿಯುವ ನೀರು ಪ್ರತಿಯೊಬ್ಬ ಮನುಷ್ಯನ ಮೂಲಭೂತ ಹಕ್ಕು ಎಂದು ಸಾರಿದ್ದು ಈ ಹಳೆಯ ಪಾಠವನ್ನೇ ಹೊಸ ಕಾಲಕ್ಕೆ ನೆನಪಿಸುವುದಕ್ಕಾಗಿ.

ನಮ್ಮ ಕಥೋಲಿಕ ಕುಟುಂಬಗಳು ಈ ಜಿಲ್ಲೆಯಲ್ಲಿ ಎಣಿಕೆಗೆ ಸ್ವಲ್ಪವೇ. ಆದರೆ ನಮ್ಮಲ್ಲಿ ಶಿಕ್ಷಕರಿದ್ದಾರೆ, ದಾದಿಯರಿದ್ದಾರೆ, ಕೂಲಿಕಾರರಿದ್ದಾರೆ, ಹೊಲವುಳ್ಳವರೂ ಇದ್ದಾರೆ. ದೇವಾಲಯದ ಮಾಳಿಗೆಯ ಮೇಲೆ ಬಿದ್ದ ಮಳೆ ಚರಂಡಿಗೆ ಹರಿಯುತ್ತಿರುವಾಗ ನಾವು ಬಲಿಪೀಠದ ಮುಂದೆ ಮಳೆಗಾಗಿ ಪ್ರಾರ್ಥಿಸುವುದು ಎಷ್ಟು ಸರಿ? ಆ ನೀರನ್ನು ಹಿಡಿದಿಡಲು ಒಂದು ತೊಟ್ಟಿ, ಇಂಗಿಸಲು ಒಂದು ಗುಂಡಿ ನಮ್ಮ ಪ್ರತಿ ಧರ್ಮಕೇಂದ್ರದಲ್ಲಿಯೂ, ಪ್ರತಿ ಶಾಲೆಯಲ್ಲಿಯೂ ಆಗಬೇಕು. ಪ್ರಥಮ ಪರಮಪ್ರಸಾದ ಸ್ವೀಕರಿಸುವ ಮಗುವಿನ ಹೆಸರಿನಲ್ಲಿ ಒಂದು ಬೇವಿನ ಸಸಿ ನೆಟ್ಟು, ಮೂರು ಬೇಸಗೆ ನೀರೆರೆಯುವ ಹೊಣೆಯನ್ನು ಆ ಮನೆಯವರೇ ಹೊರಲಿ. ನೆಡುವುದು ಒಂದು ದಿನದ ಕೆಲಸ, ಉಳಿಸುವುದೇ ಛಲ. ಹೊಲವುಳ್ಳವರು ಇನ್ನೊಂದು ಕೊಳವೆಬಾವಿಗೆ ಸಾಲ ಮಾಡುವ ಮುನ್ನ ಬದು, ಚೌಕುಮಡಿ, ಕೃಷಿಹೊಂಡಗಳ ಬಗ್ಗೆ ನೆರೆಹೊರೆಯವರೊಡನೆ ಕುಳಿತು ಮಾತನಾಡಲಿ. ಗುಳೆ ಹೋದವರ ಮಕ್ಕಳು ಶಾಲೆ ಬಿಡದಂತೆ ಊರಲ್ಲಿ ಉಳಿದವರು ಒಂದು ತುತ್ತು, ಒಂದು ಚಾಪೆ ಹಂಚಿಕೊಳ್ಳಲಿ.

ಬಸವನ ಬಾಗೇವಾಡಿ ಬಸವಣ್ಣನವರು ಹುಟ್ಟಿದ ನೆಲ. ಕಾಯಕ ಮತ್ತು ದಾಸೋಹ ಎಂಬ ಎರಡು ಮಾತುಗಳನ್ನು ಶರಣರು ಜೋಡಿಯಾಗಿಯೇ ಬಾಳಿದರು. ದುಡಿಯುವುದು ಕಾಯಕ, ದುಡಿದುದನ್ನು ಸಮಾಜಕ್ಕೆ ಸಲ್ಲಿಸುವುದು ದಾಸೋಹ. ದಾಸೋಹವಿಲ್ಲದ ಕಾಯಕ ಬರಿಯ ಗಳಿಕೆಯಾಗುತ್ತದೆ. ಕಾಯಕವಿಲ್ಲದ ದಾಸೋಹ ಬರಿಯ ಮಾತಾಗುತ್ತದೆ. ಛಲಕ್ಕೂ ಇದೇ ನಿಯಮ. ಮುಂದಿನ ಮುಂಗಾರಿನಲ್ಲಿ ನಮ್ಮ ಎರೆ ಹೊಲದ ಮೇಲೆ ಬೀಳುವ ಮೊದಲ ಹನಿ ಯಾರದೆಂದು ಕೇಳದೆ ಬೀಳುತ್ತದೆ. ಅದನ್ನು ಎಲ್ಲರಿಗಾಗಿ ನಿಲ್ಲಿಸುವ ಬುದ್ಧಿಯೂ ಬಲವೂ ನಮಗೆ ದೊರೆಯಲಿ.