ಪರದೇಶದ ದುಃಖವೆಂದು ಕೈತೊಳೆಯುವವರಿಗೆ

‘ಬ್ರಝಿಲ್ ದೇಶದ ಸೈನಿಕ ಸರ್ವಾಧಿಕಾರಕ್ಕೂ ನಮ್ಮ ಮಲ್ಲಾಪುರಕ್ಕೂ ಏನು ಸಂಬಂಧ?’ ಎಂದು ಸುಶಿಕ್ಷಿತ ಮಹನೀಯರೊಬ್ಬರು ನಮ್ಮನ್ನು ಕೇಳಿದರು. 2024ರಲ್ಲಿ ವಾಲ್ಟರ್ ಸಾಲೆಸ್ ಅವರು ನಿರ್ದೇಶಿಸಿದ ‘ಐ ಆ್ಯಮ್ ಸ್ಟಿಲ್ ಹಿಯರ್’ ಎಂಬ ಚಿತ್ರಪಟದ ಮಾತು ಬಂದಾಗ ಎದ್ದ ಪ್ರಶ್ನೆಯಿದು. ಚಿತ್ರವು ಉತ್ತಮವಾದುದೆಂದು ಒಪ್ಪಿದ ಆ ಮಹನೀಯರು, ಅದು ಪರದೇಶದ ದುಃಖವೆಂದು ಕೈತೊಳೆದುಕೊಂಡರು. ಈ ಕೈತೊಳೆಯುವಿಕೆಯನ್ನೇ ನಾವು ಖಂಡಿಸಬೇಕಾಗಿದೆ.

ಕಥೆಯಾದರೂ ನಡೆದ ಸಂಗತಿಯೇ. ಬ್ರಝಿಲಿನಲ್ಲಿ 1964ರಿಂದ 1985ರ ವರೆಗೆ ಸೇನೆಯ ಆಡಳಿತವಿದ್ದಿತು. ಲೋಕಸಭೆಯ ಸದಸ್ಯತ್ವವನ್ನು ಕಳೆದುಕೊಂಡಿದ್ದ ರೂಬೆನ್ಸ್ ಪಾಯಿವಾ ಅವರನ್ನು 1971ರ ಜನವರಿ 20ರಂದು ರಿಯೊ ನಗರದ ಮನೆಯಿಂದ ಕರೆದೊಯ್ದರು, ಅವರು ಮರಳಲಿಲ್ಲ. ಪತ್ನಿ ಯುನೀಸ್ ಅವರನ್ನೂ ಹನ್ನೆರಡು ದಿನ ಬಂಧನದಲ್ಲಿಟ್ಟರು. ಚಿತ್ರದಲ್ಲಿ ರಣಾಂಗಣವಿಲ್ಲ. ಅಪರಿಚಿತರು ಬಂದು ಮನೆಯ ಪರದೆಗಳನ್ನು ಎಳೆಯುತ್ತಾರೆ. ಗಂಡನ ಸಹಿಯಿಲ್ಲದೆ ಬ್ಯಾಂಕಿನ ಹಣವು ಹೆಂಡತಿಯ ಕೈಗೆ ಬರುವುದಿಲ್ಲ. ಐವರು ಮಕ್ಕಳಿಗೆ ಸತ್ಯವನ್ನು ಎಷ್ಟು ಹೇಳಬೇಕೆಂದು ತಾಯಿ ಅಳೆಯುತ್ತಾಳೆ. ಗಂಡನ ಮರಣಪತ್ರವು ಆಕೆಯ ಕೈಸೇರಿದುದು 1996ರಲ್ಲಿ! ದಬ್ಬಾಳಿಕೆಯನ್ನು ಸಮವಸ್ತ್ರದಿಂದಲ್ಲ, ಮನೆಯೊಳಗಿನ ಇಂಥ ಮೌನದಿಂದ ಅಳೆಯಬೇಕೆಂಬುದೇ ಈ ಚಿತ್ರವು ಕಲಿಸುವ ಪಾಠ.

ಈ ಅಳತೆಗೋಲಿನಿಂದ ನೋಡಿದರೆ ಪರದೇಶವು ಎಲ್ಲಿ ಉಳಿಯಿತು? ನಮ್ಮ ತಾಲೂಕಿನ ಗಡಿಯಾಚೆಗಿನ ಗೋವೆಯು 1961ರ ಡಿಸೆಂಬರದ ವರೆಗೆ ಸಾಲಾಝಾರನ ಸರ್ವಾಧಿಕಾರದಲ್ಲಿದ್ದಿತು. ಅಲ್ಲಿಯ ಟಿ. ಬಿ. ಕುನ್ಹಾ ಅವರನ್ನು 1946ರಲ್ಲಿ ಸೈನಿಕ ನ್ಯಾಯಾಲಯವು ವಿಚಾರಿಸಿ ಎಂಟು ವರ್ಷಗಳ ಶಿಕ್ಷೆ ವಿಧಿಸಿತು. ಪೋರ್ತುಗಾಲಿನ ಕೋಟೆಯೊಂದರಲ್ಲಿ ಅವರನ್ನು ಸೆರೆಯಿಟ್ಟರು. ಕಾರವಾರದ ಕಡಲಿನಲ್ಲಿರುವ ಅಂಜುದೀವಿನ ಬಳಿ 1961ರ ನವೆಂಬರದಲ್ಲಿ ಪೋರ್ತುಗೀಜರ ಗುಂಡಿಗೆ ದೋಣಿಯಲ್ಲಿದ್ದ ಮೀನುಗಾರನೊಬ್ಬನು ಬಲಿಯಾದನು. ಆ ಮನೆಯಲ್ಲಿ ಒಲೆಯ ಮುಂದೆ ಕಾದು ಕುಳಿತವರಾರೆಂದು ನಾವು ಕೇಳಿದೆವೇ?

ಇನ್ನು ಸ್ವತಂತ್ರ ಭಾರತದ ಮಾತು. 1975ರಿಂದ 1977ರ ವರೆಗಿನ ತುರ್ತುಪರಿಸ್ಥಿತಿಯು ಸೈನಿಕ ಆಡಳಿತವಾಗಿರಲಿಲ್ಲ. ಚುನಾವಣೆಯೇ ಅದನ್ನು ಕೊನೆಗಾಣಿಸಿತು. ಈ ಭೇದವನ್ನು ಮರೆಮಾಚುವುದು ಅಪ್ರಾಮಾಣಿಕತನವಾದೀತು. ಆದರೆ ‘ಸಂಸ್ಕಾರ’ದಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರನ್ನು ನೆನೆಯಿರಿ. 1976ರ ಮೇ ತಿಂಗಳಲ್ಲಿ ಬಂಧಿತರಾದ ಅವರು ಉಬ್ಬಸದ ರೋಗಿ. ಬೆಂಗಳೂರಿನ ಸೆರೆಮನೆಯಲ್ಲಿ ಎಂಟು ತಿಂಗಳು ನರಳಿದರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ರಿಯೊದ ಆ ಮನೆಯ ಬಾಗಿಲನ್ನು ತಟ್ಟಿದುದೂ ಜನವರಿ 20ರಂದೇ! ತಾರೀಖು ಕೂಡಿದುದು ಆಕಸ್ಮಿಕ. ಎರಡೂ ಮನೆಗಳು ಬರಿದಾದುದು ಆಕಸ್ಮಿಕವಲ್ಲ.

ಅವರ ಪತಿ ಪಟ್ಟಾಭಿರಾಮ ರೆಡ್ಡಿಯವರು 1977ರಲ್ಲಿ ‘ಚಂಡಮಾರುತ’ವನ್ನು ತೆಗೆದರು, ಸ್ನೇಹಲತಾ ಅವರ ಸೆರೆಮನೆಯ ದಿನಚರಿಯೂ ಪುಸ್ತಕವಾಗಿ ಬಂದಿತು. ಆದರೂ ನಮ್ಮ ಎಷ್ಟು ಮನೆಗಳಲ್ಲಿ ಆ ಪುಸ್ತಕವಿದೆ? ಬ್ರಝಿಲಿನ ಚಿತ್ರಕ್ಕೆ 2025ರಲ್ಲಿ ಆಸ್ಕರ್ ಬಂದುದನ್ನು ಬಲ್ಲ ನಮ್ಮ ಮಕ್ಕಳು ಈ ಹೆಸರನ್ನು ಬಲ್ಲರೇ?

‘ಹಳೆಯ ಗಾಯವನ್ನು ಕೆದಕುವುದೇಕೆ?’ ಎಂಬ ಆಕ್ಷೇಪವೂ ಬರಬಹುದು. ಗಾಯವು ಮಾಗಿದೆಯೆಂದು ನಿರ್ಧರಿಸತಕ್ಕವರು ಪೆಟ್ಟು ತಿಂದವರೇ ಹೊರತು ನೋಡುತ್ತ ನಿಂತವರಲ್ಲ. ಯುನೀಸ್ ಅವರು ಕೆದಕಿದುದರಿಂದಲೇ ಸತ್ತವರಿಗೆ ಸತ್ತವರೆಂಬ ಮನ್ನಣೆಯಾದರೂ ದೊರೆಯಿತು.

ಆದುದರಿಂದ ನಮ್ಮ ಬೇಡಿಕೆ ಚಿಕ್ಕದು. ಕನ್ನಡದ ನಿರ್ದೇಶಕರು ಇಂಥ ಮನೆಗಳ ಒಳಗಿನಿಂದ ಚಿತ್ರಗಳನ್ನು ತೆಗೆಯಲಿ. ಅಂಕೋಲೆಯ ಕರನಿರಾಕರಣೆಯಲ್ಲಿ ಹೊಲ ಕಳೆದುಕೊಂಡ ಮನೆತನಗಳಿಂದ ಹಿಡಿದು ತುರ್ತುಪರಿಸ್ಥಿತಿಯ ವರೆಗೆ, ಹಿರಿಯರ ಬಾಯಿಯ ಮಾತನ್ನು ನಮ್ಮ ಜಿಲ್ಲೆಯ ಸಂಘಗಳು ಬರೆದಿಡಲಿ. ಪ್ರಶ್ನೆ ಕೇಳಿದ ಆ ಮಹನೀಯರು ಮೊದಲು ತಮ್ಮ ಮನೆಯ ಅಜ್ಜಿಯನ್ನೇ ಕೇಳಲಿ. ಬ್ರಝಿಲ್ ಎಷ್ಟು ದೂರವೆಂಬುದು ಆಗ ತಿಳಿದೀತು.